ಮೂರನೆಯ ಹೆಜ್ಜೆಯಲ್ಲಿ ಸಿಕ್ಕಿಕೊಂಡ ಸೊಂಟ

ನನ್ನ ಮಗಳು ಕುಣಿಯುವುದನ್ನು ಬಿಟ್ಟ ಮೇಲೆ ನಮ್ಮ ಮನೆ ಹಾಳಾಗಿ ಹೋಯಿತು. ಹಾಳು ಎಂದರೆ ಧೂಳು, ಕಸ, ಅಸ್ತವ್ಯಸ್ತ ಎಂದುಕೊಳ್ಳಬೇಡಿ. ಅದೆಲ್ಲ ಮೊದಲು ಇತ್ತು, ಆಗ ನಾವು ಸುಖವಾಗಿದ್ದೆವು. ಈಗ ಎಲ್ಲವೂ ಫಳಫಳ ಹೊಳೆಯುತ್ತಿತ್ತು, ಪ್ರತಿಯೊಂದು ವಸ್ತುವಿಗೂ ಒಂದು ಜಾಗವಿತ್ತು, ಮನುಷ್ಯರಿಗೆ ಮಾತ್ರ ಇರಲಿಲ್ಲ.

ನಮ್ಮದು ಮೊಹರು ಕೆತ್ತುವ ಮನೆ. ರಸ್ತೆಗೆ ಮುಖ ಮಾಡಿ ಅಂಗಡಿ, ಹಿಂದೆ ಮನೆ, ಅಂಗಡಿಯ ಮೇಲೆ ಒಂದು ಖಾಲಿ ಕೋಣೆ. ಕಚೇರಿಗಳಿಗೆ, ಡಾಕ್ಟರುಗಳಿಗೆ, ಶಾಲೆಗಳಿಗೆ ಬೇಕಾದ ರಬ್ಬರ್ ಸ್ಟ್ಯಾಂಪುಗಳನ್ನು ನಾನೂ ನನ್ನ ಅಪ್ಪನೂ ಚಾಕು ಹಿಡಿದು ಕೈಯಲ್ಲೇ ಕೆತ್ತುತ್ತೇವೆ. ಕಾಗದದ ಮೇಲೆ ಅಕ್ಷರ ನೆಟ್ಟಗೆ ಬೀಳಬೇಕಾದರೆ ರಬ್ಬರಿನ ಮೇಲೆ ಅದು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿರಬೇಕು. ಹಾಗಾಗಿ ನಮಗೆ ಬಲ ಎಡ ಎಂಬ ಭೇದವೇ ಉಳಿದಿಲ್ಲ. ಎಂಬತ್ತು ದಾಟಿದ ಅಪ್ಪನಿಗೆ ಈಗಲೂ ಪೇಪರಿನ ಅಕ್ಷರ ಕಂಡರೆ ಏನೋ ಎಡವಟ್ಟಾಗಿದೆ ಎನ್ನಿಸುತ್ತದೆಯಂತೆ. ನನ್ನ ಮಗಳು ಶಾಲೆಗೆ ಸೇರಿದ ಹೊಸತರಲ್ಲಿ ಸ್ಲೇಟಿನ ತುಂಬ ತಿರುಗಿದ ಅಕ್ಷರ ಬರೆದಿದ್ದಳು. ಟೀಚರು ಕರೆಸಿದಾಗ ಅಪ್ಪ ಹೋಗಿ, ಸ್ಲೇಟು ನೋಡಿ, "ಮುದ್ದಾಗಿ ಬರೆದಿದಾಳಲ್ಲ, ಏನು ತೊಂದ್ರೆ?" ಎಂದು ಟೀಚರನ್ನೇ ವಿಚಾರಿಸಿಕೊಂಡು ಬಂದಿದ್ದರು.

ಮಗಳಿಗೆ ಈಗ ಹತ್ತೊಂಬತ್ತು. ಹೆಜ್ಜೆ ಇಡಲು ಕಲಿತಾಗ ಮುಂದೆ ಹೋಗುವ ಬದಲು ಇದ್ದಲ್ಲೇ ಗಿರಗಿರ ತಿರುಗುತ್ತಿದ್ದಳು, ಅದಕ್ಕೇ ಬುಗುರಿ ಎಂದು ಕರೆದೆವು. ಹೆಸರು ಸುಳ್ಳಾಗಲಿಲ್ಲ. ಹದಿನೈದರಲ್ಲಿ ಫೋನು ನೋಡಿಕೊಂಡು ಬ್ರೇಕ್‌ಡಾನ್ಸ್ ಶುರು ಮಾಡಿದಳು. ನೆಲಕ್ಕೆ ಕೈಯೂರಿ, ಕಾಲುಗಳನ್ನು ಸುತ್ತ ಓಡಿಸುವ ಕುಣಿತ. ಮೇಲಿನ ಕೋಣೆಯಲ್ಲಿ ಅವಳು ಧಡಧಡ ಸುತ್ತುತ್ತಿದ್ದರೆ ಕೆಳಗೆ ಕೂತ ನಮ್ಮ ತಲೆಯ ಮೇಲೆ ಸುಣ್ಣ ಉದುರುತ್ತಿತ್ತು. "ಏಯ್, ಸೂರು ಕಳಚಿ ಬೀಳುತ್ತೆ ಕಣೇ!" ಎಂದು ನಾನು ಕೆಳಗಿನಿಂದ ಕಿರುಚುತ್ತಿದ್ದೆ. ಕಿರುಚಿದ್ದು ನಿಜ, ಆದರೆ ಆ ಸದ್ದು ಕೇಳುತ್ತಾ ಕೆತ್ತುವಾಗ ನನ್ನ ಚಾಕು ಒಂದು ದಿನವೂ ಜಾರಿರಲಿಲ್ಲ.

ಆಮೇಲೆ ಆ ಪಂದ್ಯ ಬಂತು. ಬುಗುರಿಯ ತಂಡದಲ್ಲಿ ನಾಲ್ವರು. ಅವರ ನಾಯಕ ಪಕ್ಕದ ಬೀದಿಯ ಲಾಂಡ್ರಿಯಲ್ಲಿ ಬಟ್ಟೆ ಒಗೆಯುವ ಕೆಲಸದವನು, ಎಲ್ಲರೂ ಅವನನ್ನು ಲಾಂಡ್ರಿ ಎಂದೇ ಕರೆಯುವುದು. ನಾಲ್ವರೂ ಸಾಲಾಗಿ ಒಟ್ಟಿಗೆ ಸುತ್ತಬೇಕಾದ ಹೊತ್ತಿನಲ್ಲಿ ನನ್ನ ಮಗಳ ಕಾಲು ಬೀಸಿ ಹೋಗಿ ತೀರ್ಪುಗಾರನ ಪಾದಕ್ಕೆ ತಗುಲಿತು. ಅವನು ಲೇಸು ಬಿಗಿದಿರಲಿಲ್ಲ. ಶೂ ಹಾರಿ, ಜನರ ತಲೆಯ ಮೇಲೆ ಹಾದು, ಮೂರನೆಯ ಸಾಲಿನಲ್ಲಿದ್ದ ಒಬ್ಬ ಹೆಂಗಸಿನ ಮಡಿಲಲ್ಲಿ ಕೂತಿತು. ಯಾರೋ "ಗೋಲ್!" ಎಂದು ಕೂಗಿದರು. ಇಡೀ ಸಭಾಂಗಣ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಗು ಬಂದದ್ದು ನನಗೂ ಹೌದು, ತುಟಿ ಕಚ್ಚಿ ತಡೆದುಕೊಂಡೆ. ಬುಗುರಿ ಮಾತ್ರ ಕಲ್ಲಿನ ಹಾಗೆ ನಿಂತಿದ್ದಳು.

ಮನೆಗೆ ಬಂದವಳೇ ಕುಣಿಯುವ ಶೂಗಳನ್ನು ಅಟ್ಟಕ್ಕೆ ಎಸೆದು ಘೋಷಿಸಿದಳು. "ಮುಗೀತು. ಇನ್ಮೇಲೆ ಅಂಗಡಿ, ಮನೆ ನಾನೇ ನೋಡ್ಕೋತೀನಿ."

ನೋಡಿಕೊಂಡಳು. ಕಾಲಿನಲ್ಲಿದ್ದ ಶಕ್ತಿಯೆಲ್ಲ ಬಾಯಿಗೂ ಕೈಗೂ ಬಂತು. ಅಡುಗೆಮನೆಯ ಡಬ್ಬಿಗಳನ್ನು ಎತ್ತರದ ಪ್ರಕಾರ ನಿಲ್ಲಿಸಿದಳು, ಉಪ್ಪು ಹುಡುಕಲು ನನಗೆ ಏಣಿ ಬೇಕಾಯಿತು. ಗಿರಾಕಿಗಳು ತೆಗೆದುಕೊಂಡು ಹೋಗದೆ ಬಿಟ್ಟ ಹಳೆಯ ಸ್ಟ್ಯಾಂಪುಗಳು ಒಂದು ಪೆಟ್ಟಿಗೆಯ ತುಂಬ ಇದ್ದವು, ಅವುಗಳಿಗೆ ಕೆಲಸ ಕೊಟ್ಟಳು. ಹಣ್ಣಿನ ಮೇಲೆ 'ಪರಿಶೀಲಿಸಲಾಗಿದೆ'. ಬಚ್ಚಲಿನ ಟವೆಲಿನ ಮೇಲೆ 'ತುರ್ತು'. ಅಪ್ಪನ ಹಲ್ಲಿನ ಸೆಟ್ಟಿನ ಡಬ್ಬಿಯ ಮೇಲೆ 'ನಕಲು'. ನಮ್ಮ ಯಜಮಾನರು ಒಂದು ಬೆಳಿಗ್ಗೆ ಅರ್ಧಂಬರ್ಧ ಗಡ್ಡ ಹೆರೆದುಕೊಂಡು ಬಂದಾಗ ಕೆನ್ನೆಗೆ 'ತಿರಸ್ಕರಿಸಲಾಗಿದೆ' ಎಂದು ಒತ್ತಿಯೇ ಬಿಟ್ಟಳು. ಪಾಪದ ಮನುಷ್ಯ, ಲಿಫ್ಟ್ ರಿಪೇರಿ ಮಾಡುವವರು, ಹಾಗೆಯೇ ಕೆಲಸಕ್ಕೆ ಹೋಗಿ ಒಂಬತ್ತು ಮಹಡಿಯ ಜನರಿಂದಲೂ ಓದಿಸಿಕೊಂಡು ಬಂದರು.

ಇಷ್ಟಾದರೂ ಸಹಿಸಿಕೊಂಡಿದ್ದೆ. ಒಂದು ಸಂಜೆ ಲಾಂಡ್ರಿ ಅಂಗಡಿಗೆ ಬಂದು ನಿಂತ. ಬುಗುರಿ ಅವನನ್ನು ಕಂಡದ್ದೇ ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

"ಅಮ್ಮಾ, ತಿಂಗಳ ಕೊನೇ ಭಾನುವಾರ ಮುಂದಿನ ಪಂದ್ಯ," ಎಂದ ಅವನು. "ಶುರುವಾಗೋವರೆಗೂ ಅವಳ ಜಾಗ ಖಾಲಿ ಇಟ್ಟಿರ್ತೀವಿ. ಬರದೇ ಇದ್ರೆ ಬೇರೆ ಹುಡುಗೀನ ಸೇರಿಸ್ಕೋಬೇಕಾಗುತ್ತೆ. ಆಮೇಲೆ ನಾನು ಏನೂ ಮಾಡಕ್ಕಾಗಲ್ಲ."

ಅವನು ಹೋದ ಮೇಲೆ ಮೇಲಿನ ಕೋಣೆಗೆ ಹೋಗಿ ನೋಡಿದೆ. ಬುಗುರಿ ಅದನ್ನೂ ತೊಳೆದು ಒರೆಸಿ ಕಿಟಕಿ ಮುಚ್ಚಿದ್ದಳು. ಅವಳ ಕೈಯ ಗುರುತು, ಕಾಲಿನ ಗೀರು ಒಂದೂ ಇರಲಿಲ್ಲ. ನನಗೆ ಅಳು ಬಂತು. ನನ್ನ ಮಗಳು ಇನ್ನೆಂದೂ ಕುಣಿಯುವುದಿಲ್ಲವೇನೋ ಎಂದು ಮೊದಲ ಸಲ ಹೆದರಿದೆ. ಹೇಗಾದರೂ ಮಾಡಿ ಇವಳನ್ನು ಮತ್ತೆ ನೆಲಕ್ಕೆ ಇಳಿಸಬೇಕು, ಆ ಭಾನುವಾರದೊಳಗೆ ಇಳಿಸಬೇಕು ಎಂದು ಟೊಂಕ ಕಟ್ಟಿ ನಿಂತೆ.

ಉಪಾಯ ಹೇಳಿದ್ದು ಅಪ್ಪ. "ನಿನಗೆ ಕೆತ್ತೋದು ಹೇಗೆ ಕಲಿಸ್ದೆ ಗೊತ್ತಾ? ನಿನ್ನ ಮುಂದೆ ಕೂತು ಬೇಕು ಬೇಕಂತ ಕೆಟ್ಟದಾಗಿ ಕೆತ್ತುತಿದ್ದೆ. ನೋಡೋಕಾಗ್ದೆ ನೀನೇ ಚಾಕು ಕಿತ್ಕೋತಿದ್ದೆ. ಇವಳೂ ನಿನ್ನ ಮಗಳೇ ತಾನೇ? ಅವಳ ಮುಂದೆ ಹೋಗಿ ಕೆಟ್ಟದಾಗಿ ಕುಣಿ. ತಡ್ಕೊಳ್ಳೋಕಾಗ್ದೆ ಇಳೀತಾಳೆ."

"ಕೆಟ್ಟದಾಗಿ ಕುಣಿಯೋಕೆ ನೀನು ಕಲೀಬೇಕಾಗೂ ಇಲ್ಲ," ಎಂದರು ನಮ್ಮವರು. ಆ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ ಎಂದು ತೋರಿಸಿಕೊಂಡೆ. ಅವತ್ತಿನ ಊಟದಲ್ಲಿ ಅವರ ತಟ್ಟೆಗೆ ಉಪ್ಪು ಬೀಳದೆ ಹೋದದ್ದು ಡಬ್ಬಿ ಎತ್ತರದಲ್ಲಿದ್ದ ಕಾರಣಕ್ಕೆ ಮಾತ್ರ ಅಲ್ಲ.

ಕೆಟ್ಟದಾಗಿ ಮಾಡುವುದಕ್ಕೂ ಮಾಡಬೇಕಾದದ್ದು ಏನು ಎಂದು ತಿಳಿದಿರಬೇಕಲ್ಲ. ಮಧ್ಯಾಹ್ನ ಅಂಗಡಿಯನ್ನು ಅಪ್ಪನಿಗೆ ಒಪ್ಪಿಸಿ ಲಾಂಡ್ರಿಗೆ ಹೋಗತೊಡಗಿದೆ. ಎರಡು ಸಾಲು ಯಂತ್ರಗಳು ಗುಡುಗುತ್ತಿದ್ದವು, ನಡುವೆ ಒಬ್ಬರು ಮಾತ್ರ ಹಿಡಿಯುವಷ್ಟು ಓಣಿ. ಅವನು ಮೊದಲು ಮಾಡಿ ತೋರಿಸುವುದು, ಯಂತ್ರ ಕೂಗಿದರೆ ಎದ್ದು ಹೋಗಿ ಬಟ್ಟೆ ತೆಗೆಯುವುದು, ಆಗ ಅದೇ ಜಾಗದಲ್ಲಿ ನಾನು ಮಾಡುವುದು.

"ಇದು ಎಲ್ಲಕ್ಕಿಂತ ಮೊದಲಿನ ಪಾಠ ಅಮ್ಮಾ. ಆರೇ ಹೆಜ್ಜೆ. ಮಕ್ಕಳೂ ಮಾಡ್ತಾರೆ," ಎಂದ.

ಮಕ್ಕಳಿಗೆ ಸೊಂಟ ಇರುವುದಿಲ್ಲ. ನನಗೆ ನಲವತ್ತೇಳು ವರ್ಷ ಸಾಕಿ ಬೆಳೆಸಿದ ಸೊಂಟ ಇತ್ತು. ಎರಡೂ ಅಂಗೈ ನೆಲಕ್ಕೆ ಊರಿ, ಕಾಲು ಹಿಂದಕ್ಕೆ ಚಾಚಿ ಹಲಗೆಯ ಹಾಗೆ ನಿಲ್ಲಬೇಕಂತೆ. ಒಂದು ಕಾಲನ್ನು ಬೀಸಿ ಮುಂದಕ್ಕೆ ತರಬೇಕು, ಅದು ಬರುವ ದಾರಿಯಲ್ಲಿರುವ ಕೈಯನ್ನು ಎತ್ತಿಕೊಳ್ಳಬೇಕು. ಇದು ಒಂದು. ಇನ್ನೊಂದು ಕಾಲನ್ನು ಎಳೆದು ಮೊದಲನೆಯದರ ಮೊಣಕಾಲಿನ ಹಿಂದೆ ಸಿಕ್ಕಿಸಬೇಕು. ಎರಡು. ಮೊದಲನೆಯದನ್ನು ಬಿಡಿಸಿ, ಹೊಟ್ಟೆ ಮೇಲಾಗಿ, ಕೈ ಹಿಂದಾಗಿ ಏಡಿಯಂತೆ ಕೂರಬೇಕು. ಮೂರು. ಅಲ್ಲಿಂದ ಕಾಲನ್ನು ಅಡ್ಡ ಹಾಕಿ, ಗಂಟು ಬಿಚ್ಚುತ್ತಾ, ಆರಕ್ಕೆ ಮತ್ತೆ ಹಲಗೆ. ಕುಂಡೆ ಎಲ್ಲೂ ನೆಲಕ್ಕೆ ತಾಗಬಾರದು. ನನ್ನದು ಎಲ್ಲ ಹೆಜ್ಜೆಯಲ್ಲೂ ತಾಗುತ್ತಿತ್ತು, ತಾಗಿದಾಗಲೆಲ್ಲ ಪಕ್ಕದ ಯಂತ್ರದ ಬಾಗಿಲು ತಾನಾಗಿ ತೆರೆದುಕೊಳ್ಳುತ್ತಿತ್ತು.

"ಕಾಲು ಬರೋವಾಗ ಕೈ ಎತ್ತಬೇಕಮ್ಮಾ! ಕೈ!"

"ಕೈ ಎತ್ತಿದ್ರೆ ಬೀಳ್ತೀನಲ್ಲೋ!"

"ಎತ್ತದೇ ಇದ್ರೂ ಬೀಳ್ತಿದೀರಲ್ಲ!"

ಮಾತಿಗೆ ಮಾತು ಕೊಡುತ್ತಿದ್ದನೇ ಹೊರತು ಕಲಿಸುವುದು ಬಿಡಲಿಲ್ಲ. ನಾನೂ ಮೂರು ಬಾರಿ ಮೂಗು ಜಜ್ಜಿಕೊಂಡೆನೇ ಹೊರತು ಬಿಡಲಿಲ್ಲ. ಅಲ್ಲಿ ಇಲ್ಲಿ ತಡವರಿಸುತ್ತಾ ಒಂದು ಸುತ್ತು ಮುಗಿಸುವಷ್ಟಾದ ದಿನ ಮನೆಗೆ ಬಂದೆ. ಬುಗುರಿ ಅಂಗಡಿಯಲ್ಲಿ ಪಶುವೈದ್ಯರ ಹೊಸ ಸ್ಟ್ಯಾಂಪನ್ನು ಕೆತ್ತುತ್ತಿದ್ದಳು. ನಾನು ಅವಳ ಎದುರಿಗೆ ನೆಲದ ಮೇಲೆ ಬಿದ್ದು, ಬರುವುದನ್ನೂ ಬರದ ಹಾಗೆ, ತಡವರಿಸಿ, ಏದುಸಿರು ಬಿಟ್ಟು, ಮುಗ್ಗರಿಸಿ ತೋರಿಸಿದೆ. ಒಳಬಾಗಿಲಿನ ಸಂದಿಯಲ್ಲಿ ಅಪ್ಪ, ಅವರ ಹಿಂದೆ ನಮ್ಮವರು ಇಣುಕಿ ನಿಂತಿದ್ದರು.

ಬುಗುರಿ ನೋಡಿದಳು. ಮುಖದ ಒಂದು ಗೆರೆಯೂ ಅಲುಗಲಿಲ್ಲ.

"ಚೆನ್ನಾಗಿದೆ ಅಮ್ಮ. ವ್ಯಾಯಾಮ ಒಳ್ಳೇದು," ಎಂದು ಮತ್ತೆ ರಬ್ಬರಿಗೆ ತಲೆ ತಗ್ಗಿಸಿದಳು.

ನನ್ನ ಪಿತ್ತ ನೆತ್ತಿಗೇರಿತು. ಬೈದಿದ್ದರೆ, ನಕ್ಕಿದ್ದರೆ, ಕೆನ್ನೆಗೆ ಸ್ಟ್ಯಾಂಪು ಒತ್ತಿದ್ದರೂ ಸಹಿಸುತ್ತಿದ್ದೆ. ವ್ಯಾಯಾಮವಂತೆ! ಮೂಗು ಜಜ್ಜಿಕೊಂಡು ಕಲಿತದ್ದು ವ್ಯಾಯಾಮವಂತೆ! ಆ ಕ್ಷಣದಿಂದ ಕೆಟ್ಟದಾಗಿ ಕುಣಿಯುವ ಉಪಾಯವನ್ನು ಮೂಲೆಗೆ ಎಸೆದೆ. ಇವಳು ಕಣ್ಣು ಬಾಯಿ ಬಿಡುವಂತೆ ಚೆನ್ನಾಗಿಯೇ ಕುಣಿದು ತೋರಿಸುತ್ತೇನೆ, ಹೊಟ್ಟೆ ಉರಿದುಕೊಂಡಾದರೂ ಇಳಿಯಲಿ ಎಂದು ಹಟ ಹುಟ್ಟಿತು.

ಹಟಕ್ಕೆ ಬಿದ್ದವಳಿಗೆ ಹೊತ್ತು ಗೊತ್ತು ಇರುವುದಿಲ್ಲ. ಅನ್ನ ಬೇಯುವಾಗ ಅಡುಗೆಮನೆಯಲ್ಲಿ, ಗಿರಾಕಿ ಇಲ್ಲದಾಗ ಅಂಗಡಿಯ ಮೇಜಿನ ಹಿಂದೆ, ನಾನು ನೆಲದ ಮೇಲೆಯೇ ಇರುತ್ತಿದ್ದೆ. ಒಂದು ಸಲ ಶಾಲೆಯ ಮುಖ್ಯೋಪಾಧ್ಯಾಯಿನಿ ಬಂದು ಮೇಜಿನ ಆಚೆಯಿಂದ ಇಣುಕಿದರು. ಅವರಿಗೆ ಕಂಡದ್ದು ಒಂದಾದ ಮೇಲೆ ಒಂದು ಎದ್ದು ಮರೆಯಾಗುತ್ತಿದ್ದ ಎರಡು ಹಿಮ್ಮಡಿ ಮಾತ್ರ.

"ಏನಾದ್ರೂ ಕಳಕೊಂಡ್ರಾ?" ಎಂದು ಕೇಳಿದರು.

"ಮಾನ, ಮೇಡಂ," ಎಂದರು ಮೂಲೆಯಲ್ಲಿದ್ದ ಅಪ್ಪ. "ಹುಡುಕ್ತಿದಾಳೆ."

ನಮ್ಮವರು ಸಂಜೆ ಬಂದು ಒಂದು ಕಾಲು ಚಾಚಿ ಪ್ರಯತ್ನಿಸಿದರು. ಕೆಳಗಿಳಿದರು, ಮೇಲೇಳಲಿಲ್ಲ. ಹತ್ತಿರದ ಕುರ್ಚಿಯನ್ನು ಹಿಡಿದುಕೊಂಡು, "ನೀನೇ ಮುಂದುವರ್ಸು, ನನ್ನದು ತಳಮಹಡಿಯಲ್ಲೇ ನಿಂತುಹೋಯ್ತು," ಎಂದರು. ಬುಗುರಿ ಎಲ್ಲವನ್ನೂ ನೋಡುತ್ತಿದ್ದಳು. ನೆಲ ಒರೆಸಲು ಬಂದರೆ ನನ್ನ ಸುತ್ತ ಒರೆಸಿಕೊಂಡು ಹೋಗುತ್ತಿದ್ದಳು. ಬಾಯಿ ಮಾತ್ರ ಬಿಡಲಿಲ್ಲ.

ಹೇಳಿಕೊಂಡರೆ ಜಂಭ ಎಂದುಕೊಳ್ಳುತ್ತೀರಿ, ಆದರೂ ಹೇಳುತ್ತೇನೆ. ತಿಂಗಳ ಕೊನೆಯ ಹೊತ್ತಿಗೆ ನನಗೆ ಆರೂ ಹೆಜ್ಜೆ ಬಂದವು. ತಡವರಿಸದೆ, ಕುಂಡೆ ತಾಗದೆ, ಸುತ್ತಿನ ಮೇಲೆ ಸುತ್ತು ಬಂದವು. ಎಂಥ ಖುಷಿ ಅಂತೀರಿ! ಬದುಕೆಲ್ಲ ಮೇಜಿನ ಮುಂದೆ ಕತ್ತು ಬಗ್ಗಿಸಿ ಕೂತ ಹೆಂಗಸು ನಾನು. ನನ್ನ ಮೈ ಹೀಗೆ ಉರುಳುತ್ತದೆ, ನಾನು ಹೇಳಿದ್ದು ಕೇಳುತ್ತದೆ ಎಂದು ಗೊತ್ತೇ ಇರಲಿಲ್ಲ. ಬೀದಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ತೋರಿಸೋಣ ಎನ್ನಿಸುತ್ತಿತ್ತು.

ಪಂದ್ಯಕ್ಕೆ ಎರಡು ದಿನ ಇದ್ದಾಗ ಲಾಂಡ್ರಿ ಇಸ್ತ್ರಿಯಾದ ಅಂಗಿಗಳನ್ನು ಹಿಡಿದು ಬಂದ. ಬುಗುರಿ ಕೆತ್ತುವ ಮೇಜಿನಲ್ಲಿದ್ದಳು, ಕೈಯಲ್ಲಿ ಅರ್ಜೆಂಟು ಕೆಲಸವಿತ್ತು, ಎದ್ದು ಓಡುವಂತಿರಲಿಲ್ಲ. ನಾನು ಅವನಿಗೆ ಮಾಡಿ ತೋರಿಸಲು ಇಳಿದೆ. ಅವನಿಗೆ ಉತ್ಸಾಹ ಉಕ್ಕಿ, ಅಂಗಿಗಳನ್ನು ಅಪ್ಪನ ತೊಡೆಗೆ ಹಾಕಿ, ನನ್ನ ಪಕ್ಕದಲ್ಲೇ ಇಳಿದ. ಇಬ್ಬರೂ ಒಟ್ಟಿಗೆ ಶುರು ಮಾಡಿದೆವು. ಎರಡನೆಯ ಹೆಜ್ಜೆಗೆ ಟಣ್ಣೆಂದು ಇಬ್ಬರ ತಲೆಗಳೂ ಡಿಕ್ಕಿ ಹೊಡೆದವು.

"ಅಮ್ಮಾ! ಉಲ್ಟಾ ಹೋಗ್ತಿದೀರಾ!" ಎಂದ ಅವನು ಹಣೆ ಉಜ್ಜಿಕೊಳ್ಳುತ್ತಾ.

"ನಾನ್ಯಾಕೋ ಉಲ್ಟಾ? ನೀನು ಕಲಿಸಿದ ಹಾಗೇ ಹೋಗ್ತಿದೀನಿ."

"ನಾನು ಬಲಗಾಲಿಂದ ಕಲಿಸಿದ್ದು. ನೀವು ಎಡಗಾಲು ಬೀಸಿದ್ರಿ. ನಾನು ಆ ಕಡೆಯಿಂದ ಸುತ್ತಿದ್ರೆ ನೀವು ಈ ಕಡೆಯಿಂದ ಸುತ್ತಿದ್ರಿ."

"ನನ್ನ ಮಗಳು ಸರಿಯಾಗೇ ಇದಾಳೆ," ಎಂದರು ಅಪ್ಪ, ಅಂಗಿಗಳ ರಾಶಿಯ ಹಿಂದಿನಿಂದ. "ನೀನೇ ಉಲ್ಟಾ."

ಆಗ ಕೆತ್ತುವ ಮೇಜಿನಿಂದ, ತಲೆಯೆತ್ತದೆ, ಬುಗುರಿ ಹೇಳಿದಳು. "ಅಮ್ಮಂದೇ ಸರಿ. ಅದು ಹಾಗೇ ಹೋಗಬೇಕು."

ಲಾಂಡ್ರಿ ಅವಳನ್ನು ನೋಡಿದ, ನನ್ನನ್ನು ನೋಡಿದ, ಗೋಡೆಗೆ ಸಾಲಾಗಿ ತೂಗುಹಾಕಿದ್ದ ತಿರುಗಿದ ಅಕ್ಷರಗಳ ರಬ್ಬರ್ ಹಾಳೆಗಳನ್ನು ನೋಡಿದ. ಅವನ ಬಾಯಿ ನಿಧಾನವಾಗಿ ತೆರೆದುಕೊಂಡಿತು.

"ನೀನೂ ಹೀಗೇ ಅಲ್ವಾ ತಿರುಗೋದು? ನಾವು ನಿನ್ನ ಎಡಗೈಯವಳು ಅಂದ್ಕೊಂಡಿದ್ವಿ!"

"ನಾನು ಬಲಗೈಯವಳು," ಎಂದು ಬುಗುರಿ ಚಾಕು ಹಿಡಿದ ಕೈ ಎತ್ತಿ ತೋರಿಸಿದಳು. ಎತ್ತಿದ ಕೈ ಹಾಗೆಯೇ ನಿಂತಿತು.

ನನಗೂ ಆಗಲೇ ಹೊಳೆದದ್ದು. ಕಂಡದ್ದನ್ನು ತಿರುಗಿಸಿ ಇಳಿಸುವುದು ನಮ್ಮ ಮನೆಯವರ ಕೈಗೆ ಅಂಟಿದ ಅಭ್ಯಾಸ. ಕಣ್ಣು ಬಲ ಎಂದರೆ ಕೈ ಕೇಳದೆಯೇ ಎಡ ಮಾಡುತ್ತದೆ. ನಾನು ಲಾಂಡ್ರಿಯನ್ನು ನೋಡಿ ಹಾಗೆ ಮಾಡಿದ್ದೆ, ಅವಳು ಫೋನನ್ನು ನೋಡಿ ಹಾಗೆ ಮಾಡಿದ್ದಳು. ನಮ್ಮಿಬ್ಬರ ಮಟ್ಟಿಗೆ ಪ್ರಪಂಚವೇ ತಪ್ಪು ದಿಕ್ಕಿನಲ್ಲಿ ಸುತ್ತುತ್ತಿತ್ತು.

"ಒಬ್ಬಳೇ ಮಾಡಿದ್ರೆ ಯಾವ ದಿಕ್ಕಾದ್ರೂ ನಡೆಯುತ್ತೆ," ಎಂದ ಲಾಂಡ್ರಿ. "ಅವತ್ತು ಸಾಲಾಗಿ ಮಾಡಿದ್ವಲ್ಲ, ಜಾಗ ಸಣ್ಣದು. ನಾವು ಮೂರು ಜನ ಆ ಕಡೆ ಹೋದ್ವಿ, ನೀನು ಈ ಕಡೆ ಬಂದೆ. ಶೂ ಹಾರಿದ್ದು ಅದಕ್ಕೆ. ನಿನ್ನ ಕಾಲು ಜಾರಲೇ ಇಲ್ಲ ಕಣೇ."

"ಅಂದ್ರೆ ನಾನು ತಪ್ಪು ಮಾಡ್ಲಿಲ್ವಾ?"

"ಮಾಡ್ದೆ. ಆದ್ರೆ ಸರಿಯಾಗಿ ಮಾಡ್ದೆ."

ಬುಗುರಿ ಚಾಕು ಕೆಳಗಿಟ್ಟಳು. ತುಂಬ ಹೊತ್ತು ತನ್ನ ಎರಡೂ ಕಾಲುಗಳನ್ನು ನೋಡಿಕೊಂಡಳು, ಯಾರೋ ಪರಿಚಯದವರು ಬಹಳ ದಿನದ ಮೇಲೆ ಮನೆಗೆ ಬಂದ ಹಾಗೆ. ಈಗ ಇಳಿಯುತ್ತಾಳೆ, ಈಗ ಇಳಿಯುತ್ತಾಳೆ ಎಂದು ನಾವೆಲ್ಲ ಕಣ್ಣು ಮಿಟುಕಿಸದೆ ಕಾದೆವು. ಅವಳು ಇಳಿಯಲಿಲ್ಲ.

"ಭಾನುವಾರ ಬರ್ತೀನಿ," ಎಂದಳು ಕೊನೆಗೆ. "ನೋಡೋಕೆ ಮಾತ್ರ. ಜನ ನಕ್ಕಿದ್ದನ್ನ ನಾನಿನ್ನೂ ಮರೆತಿಲ್ಲ. ಯಾರೂ ನನ್ನ ತಳ್ಳಬಾರ್ದು."

ಭಾನುವಾರ ಸಭಾಂಗಣ ಕಿಕ್ಕಿರಿದಿತ್ತು. ಪಂದ್ಯಕ್ಕೆ ಮೊದಲು ಅಲ್ಲಿ ಒಂದು ಪದ್ಧತಿ: ಜನ ದುಂಡಗೆ ನಿಲ್ಲುತ್ತಾರೆ, ಡಿಜೆ ಹಾಡು ಹಚ್ಚುತ್ತಾನೆ, ಇಷ್ಟ ಬಂದವರು ವೃತ್ತದೊಳಗೆ ಜಿಗಿದು ಕುಣಿಯಬಹುದು. ನಾವು ನಾಲ್ವರೂ ವೃತ್ತದ ಅಂಚಿನಲ್ಲಿ ನಿಂತೆವು. ಎದುರಿಗೆ ಲಾಂಡ್ರಿಯ ತಂಡ. ಅವರ ಪಕ್ಕದಲ್ಲೇ ಬುಗುರಿಯ ಜಾಗಕ್ಕೆ ಬರಬೇಕಾದ ಹುಡುಗಿ ಆಗಲೇ ಶೂ ಬಿಗಿದುಕೊಂಡು ಕುತ್ತಿಗೆಯ ನೆಟಿಗೆ ಮುರಿಯುತ್ತಾ ಸಿದ್ಧವಾಗಿದ್ದಳು. ಆ ಹುಡುಗಿ ನನಗೇನೂ ಮಾಡಿರಲಿಲ್ಲ, ಆದರೂ ಅವಳ ಮುಖ ಕಂಡರೆ ಆಗಲಿಲ್ಲ.

ನಮ್ಮ ಹಿಂದೆ ಯಾರೋ ಪಿಸುಗುಟ್ಟಿದರು. "ಅವಳೇ ಅಲ್ವಾ? ಶೂ ಹಾರಿಸಿದ ಹುಡುಗಿ?" ಕಿಸಕ್ಕೆಂದು ನಗು ಕೇಳಿತು.

ಬುಗುರಿ ಬಾಗಿಲ ಕಡೆ ತಿರುಗಿದಳು. "ಅಮ್ಮ, ಮನೆಗೆ ಹೋಗೋಣ," ಎಂದಳು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ನಕ್ಕವರ ಮೇಲೆ, ಶೂ ಬಿಗಿದ ಹುಡುಗಿಯ ಮೇಲೆ, ಮನೆಗೆ ಹೋಗೋಣ ಎಂದವಳ ಮೇಲೆ. ಕೈಚೀಲವನ್ನು ನಮ್ಮವರ ಎದೆಗೆ ಒತ್ತಿ, ಚಪ್ಪಲಿ ಬಿಟ್ಟು ವೃತ್ತದ ನಡುವೆ ಹೋಗಿ ನಿಂತೆ. ನಗಬೇಕೇ? ನಗಿ. ನಲವತ್ತೇಳರ ಹೆಂಗಸನ್ನು ನೋಡಿ ನಗಿ. ಆರೂ ಹೆಜ್ಜೆ ಮುಗಿಯುವಷ್ಟರಲ್ಲಿ ನಿಮ್ಮ ಬಾಯಿಗೆ ಬೀಗ ಹಾಕುತ್ತೇನೆ.

ಜನ ನಕ್ಕರು, ಸಿಳ್ಳೆ ಹಾಕಿದರು. ನಾನು ನೆಲಕ್ಕೆ ಇಳಿದೆ. ಒಂದು. ಕಾಲು ಗಾಳಿಯಂತೆ ಬೀಸಿ ಬಂತು. ನಗು ಸ್ವಲ್ಪ ಕಡಿಮೆಯಾಯಿತು. ಎರಡು. ಮೊಣಕಾಲಿನ ಹಿಂದೆ ಕಾಲು ಚಕ್ಕನೆ ಕೂತಿತು. ಯಾರೋ "ಅಬ್ಬಾ!" ಎಂದರು. ಅದನ್ನು ನಾನು ಸ್ಪಷ್ಟವಾಗಿ ಕೇಳಿಸಿಕೊಂಡೆ. ಮೂರು. ಹೊಟ್ಟೆ ಮೇಲಾಗಿ ಏಡಿಯಂತೆ ಕೂತೆ, ತಲೆ ಹಿಂದಕ್ಕೆ ವಾಲಿತು, ಬುಗುರಿ ತಲೆಕೆಳಗಾಗಿ ಕಂಡಳು.

ಅವಳು ನನ್ನ ಮುಖ ನೋಡುತ್ತಿರಲಿಲ್ಲ, ನನ್ನ ಕಾಲುಗಳನ್ನು ನೋಡುತ್ತಿದ್ದಳು. ಅವಳ ತುಟಿ ಲೆಕ್ಕ ಹಾಕುತ್ತಿತ್ತು. ಅವಳ ಬಲಗಾಲು ವೃತ್ತದ ಗೆರೆ ದಾಟಿ ಒಳಕ್ಕೆ ಬಂದಿತ್ತು, ಹಿಮ್ಮಡಿ ತಾಳಕ್ಕೆ ಸರಿಯಾಗಿ ಎದ್ದೆದ್ದು ಬೀಳುತ್ತಿತ್ತು. ಎಡಗಾಲು ಹೊರಗೇ ಇತ್ತು.

"ಅಯ್ಯೋ! ಸೊಂಟ! ಅಯ್ಯೋ, ಹಿಡ್ಕೊಂಡ್ತು!" ಎಂದು ನಾನು ಕಿರುಚಿದೆ.

ಸಭಾಂಗಣಕ್ಕೆ ಸಭಾಂಗಣವೇ ಗೊಳ್ಳೆಂದಿತು. ನಮ್ಮವರು ಕೈಚೀಲ ಎಸೆದು ಓಡಿಬರಲು ಹೊರಟರು, ಲಾಂಡ್ರಿ ಎದುರಿನಿಂದ ಧಾವಿಸಿದ. ಅವರಿಬ್ಬರಿಗಿಂತ ಮೊದಲು ನನ್ನ ಪಕ್ಕದಲ್ಲಿದ್ದವಳು ಬುಗುರಿ.

"ಯಾರೂ ಮುಟ್ಬೇಡಿ!" ಎಂದು ಗದರಿದಳು. "ಎಳೆದ್ರೆ ಇನ್ನೂ ಹಿಡ್ಕೊಳ್ಳುತ್ತೆ. ಅಮ್ಮ, ಉಸಿರು ಬಿಡು. ಈಗ ನಾಲ್ಕನೇದು. ಕಾಲು ಅಡ್ಡ ಹಾಕು, ತಾನೇ ಬಿಟ್ಕೊಳ್ಳುತ್ತೆ."

"ಆಗಲ್ಲ ಕಣೇ."

"ಆಗುತ್ತೆ. ಅಡ್ಡ ಹಾಕು."

"ಹೇಗೆ ಅಂತ ಮರೆತೋಯ್ತು ಕಣೇ. ಗೊತ್ತಾಗ್ತಿಲ್ಲ."

"ಅಯ್ಯೋ ದೇವ್ರೇ, ಹೀಗೆ ನೋಡು!" ಎಂದು ಬುಗುರಿ ಕೈಯೂರಿ ನೆಲಕ್ಕೆ ಇಳಿದಳು.

ನಾಲ್ಕನ್ನು ತೋರಿಸಿದಳು. ನನಗೆ ಅರ್ಥವಾಗಲಿಲ್ಲ. ಮತ್ತೆ ತೋರಿಸಿದಳು. ನನಗೆ ಇನ್ನೂ ಅರ್ಥವಾಗಲಿಲ್ಲ. ಸಿಟ್ಟು ಬಂದು ಒಂದರಿಂದ ಆರರವರೆಗೆ ಪೂರ್ತಿ ತೋರಿಸಿದಳು. ಡಿಜೆಗೆ ಏನನ್ನಿಸಿತೋ, ಹಾಡಿನ ಸದ್ದು ಏರಿಸಿದ. ಆರಾದ ಮೇಲೆ ಅವಳು ನಿಲ್ಲಲಿಲ್ಲ. ನನ್ನನ್ನು ನಡುವಿನ ಕಂಬದ ಹಾಗೆ ಇಟ್ಟುಕೊಂಡು ಸುತ್ತ ತಿರುಗಿದಳು, ನಮ್ಮ ಮನೆಯ ದಿಕ್ಕಿನಲ್ಲಿ. ನನ್ನ ಚಾಚಿದ ಕಾಲಿನ ಮೇಲೆ ಹಾದಳು, ಕೈಯ ಕೆಳಗೆ ನುಸುಳಿದಳು. ಅವಳ ಕೂದಲು ಬಿಚ್ಚಿಹೋಗಿತ್ತು, ಹಲ್ಲೆಲ್ಲ ಕಾಣುವಂತೆ ನಗುತ್ತಿದ್ದಳು. ಜನರೂ ನಗುತ್ತಿದ್ದರು. ಚಪ್ಪಾಳೆ ಯಾವಾಗ ಶುರುವಾಯಿತೋ ಗೊತ್ತಿಲ್ಲ, ನಗುವಿನ ಜೊತೆಗೇ ಬೆರೆತುಹೋಗಿತ್ತು. ನಾನು ಹೊಟ್ಟೆ ಮೇಲೆ ಮಾಡಿ, ತೋಳು ಗಡಗಡ ನಡುಗುತ್ತಿದ್ದರೂ ಬಿಡದೆ, ಹಾಡು ಮುಗಿಯುವವರೆಗೆ ಮೇಜಿನ ಹಾಗೆ ನಿಂತಿದ್ದೆ.

ಆಮೇಲೆ ನಮ್ಮವರೂ ಲಾಂಡ್ರಿಯೂ ನನ್ನನ್ನು ಎತ್ತಿ ಬೆಂಚಿನ ಮೇಲೆ ಮಲಗಿಸಿದರು. ಬುಗುರಿ ಬರಿಗಾಲಲ್ಲಿ ನಿಂತಿದ್ದಳು. ಶೂ ಬಿಗಿದಿದ್ದ ಹುಡುಗಿ ಅವಳನ್ನೇ ನೋಡುತ್ತಾ ಕೂತು, ಲೇಸು ಬಿಚ್ಚಿ ತನ್ನ ಶೂಗಳನ್ನು ಅವಳ ಕಡೆ ತಳ್ಳಿದಳು. ಆ ಹುಡುಗಿಯ ಮುಖ ಆಗ ಎಷ್ಟು ಲಕ್ಷಣವಾಗಿ ಕಂಡಿತೆಂದರೆ ದೃಷ್ಟಿ ತೆಗೆಯೋಣ ಎನ್ನಿಸಿತು. ತಂಡದವರಿಗೆಲ್ಲ ಇನ್ನಷ್ಟು ದೂರ ದೂರ ನಿಲ್ಲಲು ಲಾಂಡ್ರಿ ಹೇಳಿದ. ಎರಡನೆಯ ಸುತ್ತಿನಲ್ಲೇ ಸೋತರು, ಅದು ಬೇರೆ ಮಾತು. ಸೋತು ಬಂದವರು ರಸ್ತೆಯುದ್ದಕ್ಕೂ ಕುಣಿದುಕೊಂಡೇ ಬಂದರು.

ಮನೆಯಲ್ಲಿ ನನಗೆ ಒಂದು ವಾರ ಹಾಸಿಗೆ. ಬುಗುರಿ ದಿನಾ ಬೆಳಿಗ್ಗೆ ಅಭ್ಯಾಸಕ್ಕೆ ಹೊರಡುವ ಮುಂಚೆ ನನ್ನ ಸೊಂಟಕ್ಕೆ ಕಣ್ಣಲ್ಲಿ ನೀರು ಬರುವಷ್ಟು ಖಾರದ ಎಣ್ಣೆ ತಿಕ್ಕುತ್ತಿದ್ದಳು. ನನ್ನನ್ನು ನೋಡಲು ಬಂದವರಿಗೆಲ್ಲ ಅವಳದು ಒಂದೇ ವರದಿ. "ಅಮ್ಮಂಗೆ ಮೂರೇ ಹೆಜ್ಜೆ ಬರೋದು ಪಾಪ. ನಾಲ್ಕನೇದಕ್ಕೆ ಮೈ ಬಗ್ಗಲ್ಲ. ವಯಸ್ಸಾಯ್ತಲ್ಲ."

ನನ್ನ ಸೊಂಟಕ್ಕೆ ಅವತ್ತು ಏನೂ ಆಗಿರಲಿಲ್ಲ. ನಾಲ್ಕು ಬರುತ್ತಿತ್ತು, ಐದೂ ಬರುತ್ತಿತ್ತು, ಆರೂ ಬರುತ್ತಿತ್ತು. ಅಷ್ಟು ಜನರ ಮುಂದೆ ಪೂರ್ತಿ ಮಾಡಿ ತೋರಿಸಬೇಕೆಂದು ಎಷ್ಟು ಆಸೆಯಿತ್ತೋ ನನಗೊಬ್ಬಳಿಗೇ ಗೊತ್ತು. ಈಗಲೂ ಬುಗುರಿ ಯಾರ ಮುಂದಾದರೂ ಆ ಮಾತು ಶುರು ಮಾಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಸೊಂಟದ ಮೇಲೆ ಕೈಯಿಟ್ಟುಕೊಂಡು, ಹೌದು ಹೌದು, ಮೂರೇ ಬರೋದು ಎನ್ನುತ್ತೇನೆ.